ತಾಂಬೂಲದ ತಟ್ಟೆಯಲ್ಲಿ ಇಸ್ಪೀಟು

ಒಂದು ಬೆಳಗ್ಗೆ ನಾನು ಎದ್ದೆ, ಕೈಗಳು ಏಳಲಿಲ್ಲ. ಹೊದಿಕೆಯ ಮೇಲೆ ಎರಡೂ ಅಕ್ಕಪಕ್ಕ ಮಲಗಿದ್ದವು, ಯಾರೋ ತಮ್ಮ ಕೈಗಳನ್ನು ನನ್ನ ಹಾಸಿಗೆಯಲ್ಲಿ ಮರೆತು ಹೋದ ಹಾಗೆ. ಬೆರಳು ಮಡಚೋಣವೆಂದರೆ ನನ್ನ ಮಾತು ಅವಕ್ಕೆ ಕೇಳಿಸಲು ಬಹಳ ಹೊತ್ತು ಹಿಡಿಯಿತು. ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ನನಗಾಗ ಮೂವತ್ತೊಂದು ವರ್ಷ. ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಥಂಡಿ ಇರಬೇಕು ಎಂದುಕೊಂಡು ಬಚ್ಚಲೊಲೆಯ ಮುಂದೆ ಹೋಗಿ ಕೂತೆ. ಅರ್ಧ ಗಂಟೆಗೆ ಬೆರಳು ಸಡಿಲವಾದವು. ಆ ವಿಷಯ ಅಲ್ಲಿಗೇ ಮರೆತೆ.

ಮರೆಯಲು ಬಿಡದಿದ್ದದ್ದು ಇಸ್ಪೀಟು. ಅದೇ ವಾರ ಊಟದ ಬಿಡುವಿನಲ್ಲಿ ನನ್ನ ಪಕ್ಕದ ಮೇಜಿನ ರಂಗಸ್ವಾಮಿ, "ಎಲ್ಲಿ ನಾಗರಾಜು, ಒಂದು ಜಾದೂ ತೋರ್ಸಯ್ಯ, ನಿದ್ದೆ ಬರ್ತಾ ಇದೆ" ಎಂದ. ಎಲೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿದೆ. ಅಂಗೈಯಲ್ಲಿ ಅಡಗಿಸಿಟ್ಟಿದ್ದ ಕಳಾವರ್ ಗುಲಾಮ ತಾನಾಗಿ ಜಾರಿ ಮೇಜಿನ ಮೇಲೆ ಅಂಗಾತ ಬಿದ್ದ. ಜಾದೂ ಕಲಿತ ಮೇಲೆ ನನ್ನ ಕೈಯಿಂದ ಬಿದ್ದ ಮೊದಲ ಎಲೆ ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಧ್ಯಾಹ್ನ ಮಾತ್ರ ಕಟ್ಟನ್ನು ಮತ್ತೆ ಜೇಬಿನಿಂದ ತೆಗೆಯಲಿಲ್ಲ.

ಆ ವಿದ್ಯೆ ಕಲಿಸಿದವರು ಗುಬ್ಬಿಯ ನನ್ನ ಸೋದರಮಾವ ಚನ್ನಪ್ಪನವರು. ಒಂದು ನಾಟಕದ ಕಂಪನಿಯ ಜೊತೆ ಇಪ್ಪತ್ತು ವರ್ಷ ಊರೂರು ತಿರುಗಿದವರು. ಅವರು ಪಾತ್ರ ಮಾಡುತ್ತಿರಲಿಲ್ಲ. ಒಂದು ಸೀನು ಮುಗಿದು ಹಿಂದೆ ಪರದೆ ಬದಲಾಯಿಸುವಷ್ಟು ಹೊತ್ತು ಜನ ಶಿಳ್ಳೆ ಹೊಡೆಯಬಾರದಲ್ಲ, ಅಷ್ಟು ಹೊತ್ತು ಮುಂದೆ ನಿಂತು ಇಸ್ಪೀಟಿನ ಜಾದೂ ತೋರಿಸುತ್ತಿದ್ದರು. ಕಂಪನಿ ಬಿಟ್ಟು ಊರಿಗೆ ಬಂದ ಮೇಲೆ ತೆಂಗಿನ ತೋಟ ನೋಡಿಕೊಂಡು ಇದ್ದರು. ಶಿಷ್ಯನೆಂದು ಅವರಿಗಿದ್ದವನು ನಾನೊಬ್ಬ. "ಜಾದೂ ಮಾಡೋನ್ನ ಹಿಡೀಬೇಕು ಅಂದ್ರೆ ಅವ್ನ ಮಾತು ಕೇಳ್ಬೇಡ, ಮಕ ನೋಡ್ಬೇಡ. ಕೈ ನೋಡ್ಲಾ. ಕೈಯಿಂದ ಕಣ್ಣು ಕೀಳ್ಬೇಡ" ಎನ್ನುತ್ತಿದ್ದರು. ಅವರೆದುರಿಗೆ ನಾನು ಏನು ಮಾಡಿದರೂ "ಕಂಡೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ನನ್ನ ಹೆಂಡತಿ ಸರೋಜ ಅವರ ಒಬ್ಬಳೇ ಮಗಳು. ಅವಳಿಗೆ ಇಸ್ಪೀಟು ಕಂಡರೆ ಆಗುತ್ತಿರಲಿಲ್ಲ. ಅವಳ ಬಾಲ್ಯದಲ್ಲೆಲ್ಲ ಅಪ್ಪ ಅಂದರೆ ವರ್ಷಕ್ಕೆ ಎರಡು ಸಲ ಬಂದು, ಜಗಲಿಯಲ್ಲಿ ಕೂತು ಎಲೆ ಕಲಸಿ, ಮತ್ತೆ ಹೊರಟುಹೋಗುವ ಒಬ್ಬ ಮನುಷ್ಯ. "ನಮ್ಮಪ್ಪಂಗೆ ನಾಲ್ಕು ಜನ ರಾಣೀರಿದ್ರು. ಮಗಳೊಬ್ಳು ಇದಾಳೆ ಅನ್ನೋದು ನೆನಪಿಗೇ ಬರ್ತಿರ್ಲಿಲ್ಲ" ಎಂದು ನಗುತ್ತಲೇ ಹೇಳುತ್ತಿದ್ದಳು. ನನ್ನ ಇಸ್ಪೀಟಿನ ಕಟ್ಟಿಗೆ ನಮ್ಮ ಮನೆಯಲ್ಲಿ ಅಡುಗೆಮನೆಯೊಳಗೆ, ದೇವರ ಗೂಡಿನ ಹತ್ತಿರ ಪ್ರವೇಶವಿರಲಿಲ್ಲ.

ಮಾವನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಎಲ್ಲರೂ ನೇಗಿಲು, ಕುಡುಗೋಲು, ಸೈಕಲ್ಲು ತೊಳೆದು ಪೂಜೆ ಮಾಡಿದರೆ, ಅವರು ಕಂಪನಿಯ ಕಾಲದ ತಮ್ಮ ಹಳೇ ಇಸ್ಪೀಟಿನ ಕಟ್ಟನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಅದಕ್ಕೆ ಕುಂಕುಮವಿಟ್ಟು, ಚೆಂಡು ಹೂವಿನ ಹಾರ ಹಾಕಿ ಮಂಗಳಾರತಿ ಮಾಡುತ್ತಿದ್ದರು. ಆಮೇಲೆ ನಾನು ಆ ಕಟ್ಟನ್ನು ತೆಗೆದುಕೊಂಡು ಅವರೆದುರು ಒಂದು ಆಟ ತೋರಿಸಬೇಕು. ವರ್ಷಕ್ಕೊಮ್ಮೆ ಅದು ನನ್ನ ಪರೀಕ್ಷೆ. ಪರೀಕ್ಷೆಯ ಫಲಿತಾಂಶ "ಕಂಡೆ" ಎಂದೇ ಗೊತ್ತಿದ್ದರೂ ನಾನು ಆರು ತಿಂಗಳ ಮುಂಚಿನಿಂದ ತಯಾರಾಗುತ್ತಿದ್ದೆ.

ಬೇಸಿಗೆಯ ಹೊತ್ತಿಗೆ ಗೆಣ್ಣುಗಳು ಊದಿದವು. ಅಂಗಿಯ ಗುಂಡಿ ಸರೋಜ ಹಾಕಬೇಕಾಯಿತು. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ನನ್ನ ಕಾಗದಗಳನ್ನು ರಂಗಸ್ವಾಮಿ ತಾನೇ ಟೈಪ್ ಮಾಡಿ ನನ್ನ ಮೇಜಿನ ಮೇಲೆ ಬೋರಲಾಗಿಟ್ಟು ಹೋಗುತ್ತಿದ್ದ. ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಕೆಲವು ಉಪಕಾರಗಳನ್ನು ಮಾತಿಲ್ಲದೆ ತೆಗೆದುಕೊಳ್ಳಬೇಕು ಎನ್ನುವುದನ್ನು ನಾನು ಅಲ್ಲಿ ಕಲಿತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅದರ ಮೇಲೆ ನಾನು ಎಷ್ಟು ಬುಧವಾರ ಕೂತಿದ್ದೇನೋ ಲೆಕ್ಕವಿಲ್ಲ. ಕಿಟಕಿಯಿಂದ ಬೀಳುವ ಬಿಸಿಲು ಒಬ್ಬೊಬ್ಬರ ಮಡಿಲ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕೂತು ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ಎಲ್ಲರೂ ಅರೆನಿದ್ದೆಯಲ್ಲಿರುವಂತೆ ಕಾಣುತ್ತಿದ್ದರು. ಹೆಸರು ಕೂಗಿದಾಗ ಒಬ್ಬರು ಎದ್ದು ಬಾಗಿಲೊಳಗೆ ಮಾಯವಾಗುವರು, ಬೆಂಚು ಒಂದು ಮೊಳ ಸರಿಯುವುದು. ಒಂದು ಸಲ ನನ್ನ ಪಕ್ಕದಲ್ಲಿ ಕೋರ ಎಂಬ ಊರಿನ ಕಡೆಯ ಒಬ್ಬ ಹೆಂಗಸು, ಚೀಟಿಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕೂತಿದ್ದಳು. ನಾನೂ ಹಾಗೇ ಹಿಡಿದಿದ್ದೆ. ಇಬ್ಬರೂ ಒಬ್ಬರ ಚೀಟಿಯನ್ನೊಬ್ಬರು ನೋಡಿದೆವು.

"ನಿಮ್ಗೂ ಬೆಳಗ್ಗೆ ಹೊತ್ತು ಬಾಗ್ಲು ಚಿಲ್ಕ ತೆಗ್ಯಕಾಗಲ್ವಾ ಸಾಮಿ?" ಎಂದಳು.

"ಆಗಲ್ಲಮ್ಮ."

"ನಂಗೊಬ್ಳಿಗೇ ಅನ್ಕಂಡಿದ್ದೆ" ಎಂದು ನಿಟ್ಟುಸಿರು ಬಿಟ್ಟಳು. ನಾನೂ ಹಾಗೇ ಅಂದುಕೊಂಡಿದ್ದೆ. ಆ ಒಂದು ಪ್ರಶ್ನೆಗೆ ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅವಳು ತನ್ನ ಮನೆಯ ಸಂಗತಿ ಹೇಳಿದಳು. "ಮುದ್ದೆ ತೊಳ್ಸಕಾಗಲ್ಲ, ಕಟ್ಟಕಾಗಲ್ಲ. ಸೊಸೆ ಮಾಡ್ತಾಳೆ. ನಾನು ಒಲೆ ಪಕ್ಕ ಕುಂತ್ಕಂಡು ಈಗ ಇಟ್ಟಾಕು, ಈಗ ತಿರುವು ಅಂತೀನಿ ಅಷ್ಟೇಯ. ಉಣ್ಣೋರು ಮಾತ್ರ ಇದು ಅತ್ತೆ ಮುದ್ದೆ ಅಂತಾರೆ ನೋಡಿ" ಎಂದು ಬಾಯಿ ತುಂಬ ನಕ್ಕಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಮತ್ತೆ ಅವಳು ನನಗೆ ಸಿಗಲಿಲ್ಲ.

ಡಾಕ್ಟರಮ್ಮ ನನ್ನ ಕೈಗಳನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಾಯಿಲೆಗೆ ಒಂದು ಉದ್ದ ಇಂಗ್ಲಿಷ್ ಹೆಸರು ಹೇಳಿ, "ಕೀಲುವಾತ ಅಂತಾರಲ್ಲ, ಅದರಲ್ಲಿ ಹಟಮಾರಿ ಜಾತಿ ಇದು. ಬಿಟ್ಟು ಹೋಗಲ್ಲಪ್ಪ, ಇದರ ಜೊತೇಲೇ ಸಂಸಾರ ಮಾಡೋದು ಕಲೀಬೇಕು" ಎಂದರು. ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗ್ಲೇ ಒಂದು ಸಂಸಾರ ಇದ್ಯಲ್ಲ ಡಾಕ್ಟ್ರೇ, ನಾನೇನು ಮಾಡ್ಲಿ?" ಎಂದಳು. ಡಾಕ್ಟರಮ್ಮನೂ ನಕ್ಕುಬಿಟ್ಟರು. ಆ ಬಾಗಿಲೊಳಗೆ ನಾವು ನಕ್ಕಿದ್ದು ಅದೇ ಮೊದಲು.

ಆಮೇಲಿನ ಒಂದೂವರೆ ವರ್ಷ ನನಗೆ ಸರಿಯಾಗಿ ನೆನಪಿಲ್ಲ. ನೀರೊಳಗಿಂದ ನೋಡಿದಂತಿದೆ. ಮಾತ್ರೆಗಳಿಂದ ಕಿವಿಯಲ್ಲಿ ಸದಾ ಒಂದು ಸದ್ದು, ದೂರದ ತೋಟದಲ್ಲಿ ಜೀರುಂಡೆ ಕೂಗಿದ ಹಾಗೆ. ವಾರಕ್ಕೊಂದು ಚಿನ್ನದ ಸೂಜಿ. ಹೌದು, ಚಿನ್ನವನ್ನೇ ಔಷಧಿ ಮಾಡಿ ಚುಚ್ಚುತ್ತಿದ್ದರು. "ನಂಗೊಂದು ಜೊತೆ ಓಲೆ ಮಾಡಿಸ್ಲಿಲ್ಲ, ಇವರು ಮೈಯೊಳಗೇ ಚಿನ್ನ ಹಾಕಿಸ್ಕೊಳ್ತಾ ಇದಾರೆ" ಎಂದು ಸರೋಜ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಮಧ್ಯಾಹ್ನ ಮಲಗಿದರೆ ಕನಸು. ಮಾರ್ಕೋನಹಳ್ಳಿಯ ಜಲಾಶಯದ ಹಿನ್ನೀರಿನ ಮೇಲೆ ಐವತ್ತೆರಡು ಬೆಳ್ಳಕ್ಕಿಗಳು ಸಾಲಾಗಿ ಕೂತಿರುತ್ತಿದ್ದವು. ನಾನು ದಡದಲ್ಲಿ ನಿಂತು ಕೈ ಬೀಸಿದರೆ ಒಟ್ಟಿಗೆ ಎದ್ದು, ಬೀಸಣಿಗೆಯಂತೆ ಬಿಡಿಸಿಕೊಂಡು, ಮತ್ತೆ ಒಂದರ ಮೇಲೊಂದು ಇಳಿದು ನನ್ನ ಅಂಗೈಯಲ್ಲಿ ಕೂರುತ್ತಿದ್ದವು. ಭಾರವೇ ಇಲ್ಲ. ಎಚ್ಚರವಾದಾಗ ಕೈಗಳು ಹೊದಿಕೆಯ ಮೇಲೆ ಬಿದ್ದಿರುತ್ತಿದ್ದವು, ಬಲಗೈ ಬೆರಳುಗಳು ಒಂದೇ ಕಡೆಗೆ ವಾಲಿಕೊಂಡು.

ನೋವಿಗಿಂತ ಹೆಚ್ಚು ಸುಟ್ಟದ್ದು ಮಾವನ ಮಾತು. ಕಾಯಿಲೆ ಹಿಡಿದ ಮೊದಲ ವರ್ಷದ ಆಯುಧಪೂಜೆಗೆ ಗುಬ್ಬಿಗೆ ಹೋಗಿದ್ದೆ. ಕಟ್ಟು ಕೈಗೆ ಕೊಟ್ಟರು. ಕಲಸಲು ಹೋದೆ, ಎಲೆಗಳು ನಡುಮನೆಯ ತುಂಬ ಚೆಲ್ಲಿದವು. ಮಾವ ಬಗ್ಗಿ ಒಂದೊಂದೇ ಆರಿಸಿಕೊಂಡರು. "ಅಭ್ಯಾಸ ಬುಟ್ಟಿದ್ದಕ್ಕೇ ಕಣ್ಲಾ ಕೈ ಕಟ್ಕಂಡಿರೋದು. ಸೋಮಾರಿ ಆಗೋದೆ. ಎಣ್ಣೆ ತಿಕ್ಕಂಡು ದಿನಾ ನೂರು ಸಲ ಕಲ್ಸು, ಎಲ್ಲಾ ಸರಿಹೋಯ್ತದೆ" ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತಿದ್ದ ಔಷಧಿ ಅದೊಂದೇ. ಆದರೂ ನಾನು ಮುಂದಿನ ವರ್ಷ ರಜೆ ಸಿಗಲಿಲ್ಲವೆಂದು ಸುಳ್ಳು ಬರೆದು ಹೋಗದೆ ಉಳಿದೆ. ನನ್ನ ಕಟ್ಟು ಬೀರುವಿನ ಮೇಲೆ ಧೂಳು ಹಿಡಿಯಿತು.

ಮರುವರ್ಷ ಅವರಿಂದ ಒಂದು ಅಂಚೆ ಕಾರ್ಡು ಬಂತು. ನಾಲ್ಕೇ ಸಾಲು. ಈ ಸಲವೂ ನೀನು ಬಂದು ಆಟ ತೋರಿಸದಿದ್ದರೆ ಪೂಜೆ ಮುಗಿಸಿ ಕಟ್ಟನ್ನು ಗುಬ್ಬಿ ಕೆರೆಗೆ ಬಿಟ್ಟುಬಿಡುತ್ತೇನೆ, ಆಡುವವರಿಲ್ಲದ ಎಲೆ ಇಟ್ಟುಕೊಂಡು ಏನು ಮಾಡಲಿ ಎಂದು ಬರೆದಿದ್ದರು. ಸಿಟ್ಟಿನ ಕಾಗದವಲ್ಲ, ಸೋತ ಕಾಗದ. ನಾನು ಅದನ್ನು ಓದಿ ಸರೋಜಳಿಗೆ ಕೊಟ್ಟೆ. "ಬಿಡ್ಲಿ ಬಿಡಿ, ಒಳ್ಳೇದಾಯ್ತು" ಎಂದವಳು ಕಾಗದವನ್ನು ಮಾತ್ರ ಒಲೆಗೆ ಹಾಕದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ನಾನು ಮತ್ತೆ ಕಟ್ಟು ಇಳಿಸಿದೆ. ಬಲಗೈ ಮುಗಿದ ಅಧ್ಯಾಯ. ಎಡಗೈ ಅದಕ್ಕಿಂತ ವಾಸಿ, ಆದರೂ ಬರಿಯ ನೆಲದ ಮೇಲಿಂದ ಒಂದು ಎಲೆ ಎತ್ತಲಾಗುತ್ತಿರಲಿಲ್ಲ. ಕಂಬಳಿ ಹಾಸಿದರೆ ಎಲೆಯ ಅಂಚಿಗೆ ಉಗುರು ಹೋಗುತ್ತದೆ ಎನ್ನುವುದು ಗೊತ್ತಾಯಿತು. ಹತ್ತು ವರ್ಷದ ಹುಡುಗನಂತೆ ಎಡಗೈಯಲ್ಲಿ ಮೊದಲಿಂದ ಕಲಿತೆ. ಬೆಳಗಿನ ಹೊತ್ತು ಬೇಡ, ಮಧ್ಯಾಹ್ನ ಮೂರರ ಮೇಲೆ ಬೆರಳು ಒಳ್ಳೆಯ ಮನಸ್ಸಿನಲ್ಲಿರುತ್ತವೆ ಎಂದು ತಿಳಿದುಕೊಂಡೆ. ಎರಡು ತಿಂಗಳಿಗೆ ಒಂದು ಸಣ್ಣ ಆಟ ಬಂತು.

ಅಷ್ಟರಲ್ಲಿ ಕುಣಿಗಲ್‌ನಲ್ಲಿ ರಂಗಸ್ವಾಮಿಯ ತಂಗಿಯ ನಿಶ್ಚಿತಾರ್ಥ. ಊಟವಾದ ಮೇಲೆ ಗಂಡಿನ ಕಡೆಯವರೆಲ್ಲ ಚಾಪೆಯ ಮೇಲೆ ಕೂತಿದ್ದಾಗ ರಂಗಸ್ವಾಮಿ ಉತ್ಸಾಹದಿಂದ, "ನಮ್ ನಾಗರಾಜು ಜಾದೂ ಮಾಡ್ತಾನೆ, ನೋಡಿ" ಎಂದುಬಿಟ್ಟ. ನನಗೂ ಆಸೆ. ಕಟ್ಟು ಜೇಬಿನಲ್ಲೇ ಇತ್ತು. ಎದುರಿಗೆ ಗಂಡಿನ ತಾತ, ಬಿಳೀ ರುಮಾಲಿನ ಹಿರಿಯರು. ಎಲೆಗಳನ್ನು ಬಿಡಿಸಿ, "ಒಂದು ತಗೊಳ್ಳಿ ತಾತ" ಎಂದು ಅವರ ಮುಂದೆ ಚಾಚಿದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಏನಪ್ಪಾ ಇದು, ಶುಭಕಾರ್ಯದ ಮನೇಲಿ ಎಡಗೈಲಿ ಕೊಡ್ತೀಯಲ್ಲ?"

ಎರಡು ತಿಂಗಳು ನಾನು ಎಲ್ಲವನ್ನೂ ಯೋಚಿಸಿದ್ದೆ, ಇದೊಂದನ್ನು ಯೋಚಿಸಿರಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಎಡಗೈಯಲ್ಲಿ ಒಂದು ಎಲೆಯಡಿಕೆ ಕೊಟ್ಟವನಲ್ಲ ನಾನು. ರಂಗಸ್ವಾಮಿಯ ತಾಯಿಯ ಮುಖ ಕಪ್ಪಿಟ್ಟಿತು. ನನ್ನ ಬಲಗೈ ತೋರಿಸಿ ಕಾಯಿಲೆಯೆಂದು ಹೇಳಬಹುದಿತ್ತು, ಆದರೆ ಹೊಸ ಸಂಬಂಧ ಕೂಡುವ ಮನೆಯಲ್ಲಿ ಆ ಸೊಟ್ಟ ಬೆರಳುಗಳನ್ನು ಮುಂದೆ ಹಿಡಿಯಲು ಮನಸ್ಸು ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆಗ ಹೆಂಗಸರ ಗುಂಪಿನಿಂದ ಸರೋಜ ಎದ್ದು ಬಂದಳು. ಎಲ್ಲರಿಗೂ ಹಂಚಿ ಬರಿದಾಗಿದ್ದ ತಾಂಬೂಲದ ತಟ್ಟೆ ಅವಳ ಕೈಯಲ್ಲಿತ್ತು. ಅದರ ಮೇಲೆ ಒಂದು ವಸ್ತ್ರ ಮಡಿಸಿ ಹಾಸಿ, ನನ್ನ ಕೈಯಿಂದ ಕಟ್ಟನ್ನು ತೆಗೆದು ಅದರಲ್ಲಿಟ್ಟಳು. ಇಸ್ಪೀಟು ಮುಟ್ಟಿದರೆ ಕೈ ತೊಳೆಯುತ್ತಿದ್ದವಳು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಗ್ಗಿ, "ತಗೊಳ್ಳಿ ತಾತ, ನಿಮ್ ಕೈಯಾರೆ ನೀವೇ ತಗೊಳ್ಳಿ" ಎಂದಳು.

ತಾತ ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಅಭ್ಯಾಸಬಲ. ಆಮೇಲೆ ಒಂದು ಎಲೆ ತೆಗೆದರು, ನೋಡಿದರು, ತಾವೇ ವಾಪಸ್ಸು ಇಟ್ಟರು, ತಾವೇ ಕಲಸಿದರು. ನಾನು ನನಗೆ ಗೊತ್ತಿದ್ದ ಒಂದು ಹಳೇ ಉಪಾಯದಿಂದ ಹೇಗೋ ಅವರ ಎಲೆ ಹೇಳಿದೆ. ಅವರು, "ಎಲಾ ಎಲಾ! ನನ್ ಕೈಯಾಗೇ ಇತ್ತಲ್ಲಪ್ಪ ಎಲೆ!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ನನ್ನ ಬೆರಳಿನ ಚುರುಕಿಗೆ ಜನ ತಲೆದೂಗಿದ್ದರು. ನೋಡುವವರು ತಮ್ಮ ಕೈಯನ್ನೇ ತಾವು ತಿರುಗಿಸಿ ನೋಡಿಕೊಂಡದ್ದನ್ನು ಅವತ್ತೇ ಮೊದಲು ಕಂಡೆ.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕುಣಿಗಲ್ ಕೆರೆ ಬಹಳ ಹೊತ್ತು ನಮ್ಮ ಜೊತೆಗೇ ಬಂತು. ಸಂಜೆಯ ನೀರು. ಕಿವಿಯಲ್ಲಿ ಜೀರುಂಡೆ. ನನಗೆ ಕೋರದ ಹೆಂಗಸಿನ ಮುದ್ದೆ ನೆನಪಾಯಿತು. ಅರೆಗಣ್ಣಿನಲ್ಲಿ ಆ ತಾಂಬೂಲದ ತಟ್ಟೆ ನೀರಿನ ಮೇಲೆ ಮೆಲ್ಲಗೆ ತಿರುಗುತ್ತಾ ಬಂದಂತೆ ಕಂಡಿತು. ತಿರುಗುತ್ತಾ. ತಟ್ಟನೆ ಎದ್ದು ಕೂತೆ.

"ಸರೋಜ, ತಟ್ಟೇನ ಒಬ್ರಿಂದ ಇಸ್ಕೊಂಡು ಇನ್ನೊಬ್ರಿಗೆ ಹಿಡಿಯೋವಾಗ ಹೆಂಗೆ ತಿರುಗಿಸ್ತೀಯ?"

"ಎಲ್ಲಾರೂ ತಿರುಗ್ಸೋ ಹಂಗೆ. ಯಾಕೆ?"

ಆ ತಟ್ಟೆ ತಿರುಗುವುದರಲ್ಲಿ ಏನು ಗುಟ್ಟಿದೆ ಎನ್ನುವುದನ್ನು ಬರೆಯಲಾರೆ, ಯಾವ ಆಟದ ಗುಟ್ಟನ್ನೂ ಬಯಲು ಮಾಡಬಾರದೆಂದು ಮಾವ ಕಲಿಸುವಾಗಲೇ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಇಷ್ಟು ಹೇಳುತ್ತೇನೆ. ಜಾದೂ ನನ್ನ ಬೆರಳುಗಳನ್ನು ಬಿಟ್ಟು ಅವಳ ಮಣಿಕಟ್ಟಿಗೆ ಹೋಗಿತ್ತು. ಅವಳು ತಟ್ಟೆಯನ್ನು ಯಾವಾಗ, ಎಷ್ಟು ತಿರುಗಿಸುತ್ತಾಳೆ ಎನ್ನುವುದರ ಮೇಲೆ ಎಲ್ಲವೂ ನಿಂತಿತ್ತು. ನನ್ನ ಪಾಲಿಗೆ ಉಳಿದದ್ದು ಕೂತು ನೋಡುವುದು, ಮಾತಾಡುವುದು.

ಒಪ್ಪಿಸಲು ಹದಿನೈದು ದಿನ ಹಿಡಿಯಿತು. "ಆ ಎಲೆಗಳಿಗೋಸ್ಕರ ನಮ್ಮಮ್ಮ ಎಷ್ಟು ಅತ್ತಿದಾಳೆ ಗೊತ್ತಾ ನಿಮ್ಗೆ?" ಎಂದು ಒಂದು ದಿನ ರೇಗಿದಳು. ನಾನು ಮತ್ತೆ ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವಳೇ ಕ್ಯಾಲೆಂಡರಿನ ಹಿಂದಿನ ಕಾರ್ಡನ್ನು ತೆಗೆದು ಇನ್ನೊಮ್ಮೆ ಓದಿದಳು. "ಅಪ್ಪನ ಅಕ್ಷರ ನಡುಗ್ತಾ ಇದೆ ಕಣ್ರೀ" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಗೌರಿ ಹಬ್ಬಕ್ಕೆ ಮಾತ್ರ ತೆಗೆಯುವ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ತಂದಳು. ಅಷ್ಟು ಚೆನ್ನಾಗಿ ಕಲಿತ ಶಿಷ್ಯರನ್ನು ನಾನು ನೋಡಿಲ್ಲ. ಹತ್ತು ದಿನಕ್ಕೆ, ಗುಟ್ಟು ಗೊತ್ತಿದ್ದ ನನಗೇ ತಟ್ಟೆ ತಿರುಗಿದ್ದು ಕಾಣದಂತಾಯಿತು. ಅಪ್ಪನ ರಕ್ತ, ಎಲ್ಲಿ ಹೋಗುತ್ತದೆ.

ಆಯುಧಪೂಜೆಯ ದಿನ ಗುಬ್ಬಿಯ ಮನೆಯ ಅಂಗಳದಲ್ಲಿ ಒಳ್ಳೇ ಬಿಸಿಲು. ಮಾವ ಬಹಳ ಇಳಿದುಹೋಗಿದ್ದರು. ನನ್ನ ಕೈಗಳನ್ನು ನೋಡಿದವರು ಈ ಸಲ ಎಣ್ಣೆಯ ಮಾತೆತ್ತಲಿಲ್ಲ. ಸುಮ್ಮನೆ ಮುಖ ತಿರುಗಿಸಿಕೊಂಡರು. ಮಂಗಳಾರತಿಯಾಯಿತು. ಕೆರೆಗೆ ಬಿಡಲು ಕಟ್ಟನ್ನು ಸುತ್ತುವ ಕೆಂಪು ಬಟ್ಟೆಯೂ ಅವರ ಪಕ್ಕದಲ್ಲೇ ಸಿದ್ಧವಾಗಿತ್ತು.

"ಮಾವ, ಆಟ ತೋರಿಸ್ತೀನಿ" ಎಂದೆ.

"ಬ್ಯಾಡ ಬುಡ್ಲಾ. ನಿನ್ ಕೈಗೆ ತ್ರಾಸು ಕೊಡಬ್ಯಾಡ."

"ನನ್ನ ಕೈ ಬೇಕಾಗಿಲ್ಲ ಮಾವ" ಎಂದು ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತೆ.

ಸರೋಜ ಪೂಜೆಯ ತಟ್ಟೆಯಲ್ಲಿ ಕಟ್ಟನ್ನಿಟ್ಟು ಅಪ್ಪನ ಮುಂದೆ ಹಿಡಿದಳು. ಮಗಳು ಇಸ್ಪೀಟು ಮುಟ್ಟಿದ್ದು ಕಂಡು ಅವರು ಒಂದು ಕ್ಷಣ ಬೆಚ್ಚಿದರು. ಆಮೇಲೆ ಎಲೆ ತೆಗೆದರು, ಅಂಗೈ ಮರೆಯಲ್ಲಿ ನೋಡಿದರು, ಒಳಗೆ ಸೇರಿಸಿದರು. ತಮ್ಮ ಕೈಯಿಂದಲೇ ಕಲಸಿದರು, ಆ ವಯಸ್ಸಿನಲ್ಲೂ ನೀರು ಹರಿದ ಹಾಗೆ. ಅಷ್ಟು ಹೊತ್ತೂ ಅವರ ಕಣ್ಣು ನನ್ನ ಕೈಗಳ ಮೇಲೇ ಇತ್ತು. ಕೈಗಳು ಮಡಿಲಲ್ಲಿ ಮಲಗಿದ್ದವು, ಆ ಮೊದಲ ಬೆಳಗ್ಗೆ ಮಲಗಿದ್ದ ಹಾಗೇ. ಜೀವನದಲ್ಲಿ ಮೊದಲ ಬಾರಿಗೆ ಅವುಗಳ ಮೇಲೆ ನನಗೆ ಕನಿಕರವಲ್ಲ, ಪ್ರೀತಿ ಬಂತು.

ಎಲೆಗಳನ್ನು ತಟ್ಟೆಯ ಮೇಲೆ ಹರಡಲು ಹೇಳಿದೆ. ಬಿಸಿಲಿನಲ್ಲಿ ಚೆಂಡು ಹೂವಿನ ದಳಗಳ ನಡುವೆ ಹಳೇ ಎಲೆಗಳು ಮಲಗಿದವು. "ನಿಮ್ಮ ಎಡಗಡೆಯಿಂದ ಎಣಿಸಿ ಮಾವ. ಹನ್ನೊಂದನೇದು. ತಿರುಗಿಸಿ ನೋಡಿ."

ತಿರುಗಿಸಿದರು. ಕಳಾವರ್ ಒಂಬತ್ತು, ಅವರು ತೆಗೆದಿದ್ದ ಎಲೆಯೇ. ಅವರು "ಕಂಡೆ" ಎನ್ನಲಿಲ್ಲ. ಎಲೆಯನ್ನು ನೋಡಿದರು, ನನ್ನ ಕೈ ನೋಡಿದರು, ಮತ್ತೆ ಎಲೆ ನೋಡಿದರು.

"ನಾನೇ ಹೇಳ್ಲಾ ಮಾವ, ಹೆಂಗೆ ಅಂತ?"

"ಹೇಳ್ಬೇಡ. ಬಾಯಿ ಬುಡ್ಬೇಡ ಕಣೋ" ಎಂದು ಕೈ ಅಡ್ಡ ಹಿಡಿದರು. "ಇಪ್ಪತ್ತು ವರ್ಷ ಊರಿಗೆಲ್ಲ ನಾನೇ ಜಾದೂ ಮಾಡ್ದೆ. ನಂಗ್ಯಾರೂ ಮಾಡಿರ್ಲಿಲ್ಲ. ಜನಕ್ಕೆ ಹಿಂಗಾಯ್ತಿತ್ತು ಅಂತ ಇವತ್ತು ಗೊತ್ತಾಯ್ತು." ಕೆಂಪು ಬಟ್ಟೆಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಅದೇ ಬಟ್ಟೆಯಲ್ಲಿ ಕಟ್ಟನ್ನು ಸುತ್ತಿ ನನ್ನ ಮಡಿಲಿಗೆ, ಆ ಕೈಗಳ ಮೇಲೆ ಇಟ್ಟರು. ಸರೋಜ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇದೆಲ್ಲ ಆಗಿ ಹತ್ತು ವರ್ಷವಾಗುತ್ತ ಬಂತು. ಕಾಯಿಲೆ ಇದೆ, ನಾನೂ ಇದ್ದೇನೆ. ಕೆಲವು ತಿಂಗಳು ಅದರ ಕೈ ಮೇಲು, ಕೆಲವು ತಿಂಗಳು ನನ್ನದು. ಇದನ್ನು ಎರಡು ಬೆರಳಿನಲ್ಲಿ, ಮಧ್ಯಾಹ್ನ ಮೂರರ ಮೇಲೆ, ದಿನಕ್ಕಿಷ್ಟು ಎಂದು ಟೈಪ್ ಮಾಡುತ್ತಿದ್ದೇನೆ. ಎಲ್ಲೋ ಒಂದು ಬೆಂಚಿನ ಮೇಲೆ ಯಾರೋ ಮಣಿಕಟ್ಟುಗಳ ನಡುವೆ ಚೀಟಿ ಹಿಡಿದು ಕೂತಿರುತ್ತಾರೆ. ಅವರಿಗೆ ಕೋರದ ಆ ಹೆಂಗಸು ಸಿಗದೇ ಹೋದರೆ ಇದಾದರೂ ಸಿಗಲಿ ಎಂದು.

ಬರೆಯುವಾಗ ಪೂಜೆಯ ದಿನಕ್ಕಿಂತ ಅದರ ಮರುದಿನ ಬೆಳಗ್ಗೆ ಹೆಚ್ಚು ನೆನಪಾಗುತ್ತದೆ. ಮಾವ ನಮ್ಮನ್ನು ಹತ್ತಿಸಲು ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಮಂಜಿನಲ್ಲಿ ಬಸ್ಸಿನ ದೀಪ ಕಾಣುತ್ತಿತ್ತು. ಅವರು ಸರೋಜಳ ಬಲಗೈಯನ್ನು ತೆಗೆದುಕೊಂಡರು. ಅಂಗೈ ನೋಡಿದರು, ತಿರುಗಿಸಿ ಮುಂಗೈ ನೋಡಿದರು, ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು.

"ಈ ಕೈಯ ನಾನು ಯಾವತ್ತೂ ನೋಡೇ ಇರ್ಲಿಲ್ವಲ್ಲವ್ವ" ಎಂದರು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಬಸ್ಸು ಬಂದು ನಿಂತಿತು.